ಜಗಲಿಯ ಮುಂದಿನ ಆರು ಪೊಟ್ಟಣ

ನಮ್ಮ ಮನೆಯಲ್ಲಿ ಯಾರೂ ಕೈಚಳಕದ ಮೋಸ ಮಾಡುತ್ತಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಹೊಸಪೇಟೆಯ ಆ ಮಾಳಿಗೆ ಮನೆಯಲ್ಲಿ ದೇವಿಯನ್ನು ಕೂರಿಸಿದ ಜಗಲಿಯ ಮುಂದೆ ಇಡುತ್ತಿದ್ದ ಹಿತ್ತಾಳೆ ತಟ್ಟೆ ಗಂಡಿಗೂ ಹೆಣ್ಣಿಗೂ ಒಂದೇ ಆಗಿತ್ತು. ಹೂವು ಹಿತ್ತಲಿನ ಕಣಗಿಲದ ಗಿಡಗಳದ್ದು, ವೀಳ್ಯದೆಲೆ ಒಂದೇ ಬಳ್ಳಿಯದು, ಕಟ್ಟುವ ಬಾಳೆನಾರು ಒಂದೇ ಪಟ್ಟೆಯಿಂದ ಸೀಳಿದ್ದು. ಪೊಟ್ಟಣಕ್ಕೆ ಗುರುತು ಮಾಡಿದವರಿಲ್ಲ. ಎತ್ತುವ ಕೈಯನ್ನು ಹಿಡಿದು ಎಳೆದವರಿಲ್ಲ. ಆದರೂ ಆ ತಟ್ಟೆ ನನ್ನ ಅಕ್ಕನ ಬಾಳನ್ನು ಕಿತ್ತುಕೊಂಡಿತು, ನನ್ನದನ್ನೂ ಕಿತ್ತುಕೊಳ್ಳಲು ಬಂದಿತ್ತು. ಮುಂದೆ ನಾನು ಎಷ್ಟೋ ಸಭೆಗಳಲ್ಲಿ ಹೆಣ್ಣುಮಕ್ಕಳ ಓದಿನ ಪರವಾಗಿ ಮಾತನಾಡಿದೆ; ಎದುರು ಕುಳಿತ ಹಿರಿಯರು ಪ್ರತಿ ಸಲವೂ ಕೇಳಿದ್ದು ಒಂದೇ: “ನಿಮಗೆ ಯಾರು ಮೋಸ ಮಾಡಿದರು, ಹೆಸರು ಹೇಳಿ.” ಹೆಸರು ಹೇಳುವುದು ಕಷ್ಟ. ಕಳ್ಳತನ ಕಟ್ಟಳೆಯೊಳಗೇ ಕುಳಿತಿರುವಾಗ, ಅದನ್ನು ನಡೆಸುವವರೆಲ್ಲ ತಾವು ಪ್ರಾಮಾಣಿಕರೆಂದೇ ನಂಬಿರುತ್ತಾರೆ. ನನ್ನ ಸಿಟ್ಟು ಇಷ್ಟು ವರ್ಷವಾದರೂ ಆರದಿರುವುದಕ್ಕೆ ಕಾರಣ ಆ ನಂಬಿಕೆ.

ಮನೆ ದೊಡ್ಡದು. ಮುಂದೆ ಪಡಸಾಲೆ, ಅಲ್ಲಿ ಗಂಡಸರು, ಗಾಳಿ, ಬೆಳಕು. ನಡುವೆ ದೇವಿಯ ಜಗಲಿಯಿದ್ದ ಕೋಣೆ. ಅದರ ಹಿಂದೆ ಅಡುಗೆಮನೆ. ಅಲ್ಲಿ ಹೆಂಗಸರು, ಹೊಗೆ, ಮಾಳಿಗೆಯಲ್ಲಿ ಅಂಗೈಯಗಲದ ಒಂದೇ ಬೆಳಕಿಂಡಿ. ಕಾಲುವೆಯ ನೀರಾವರಿಯ ಕಬ್ಬಿನ ಗದ್ದೆ ಇದ್ದ ಮನೆಗೆ ಇನ್ನೆರಡು ಬೆಳಕಿಂಡಿ ತೆಗೆಸುವ ಶಕ್ತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಅಗತ್ಯವಿದೆಯೆಂದು ಯಾರಿಗೂ ತೋರಲಿಲ್ಲ. ಊಟದಲ್ಲಿಯೂ ಇದೇ ಭೂಗೋಳ. ಹಂಚಿನಿಂದ ಉಬ್ಬಿ ಇಳಿದ ಜೋಳದ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಪುಂಡಿಪಲ್ಯ ಪಡಸಾಲೆಗೆ ಹೋಗುತ್ತಿದ್ದವು. ತಟ್ಟುವಾಗ ಹರಿದ ರೊಟ್ಟಿ, ಅಂಚು ಕರಕಾದ ರೊಟ್ಟಿ, ಆರಿದ ರೊಟ್ಟಿ ನಮ್ಮ ಪಾಲಿಗೆ ಉಳಿಯುತ್ತಿದ್ದವು. ಎಲ್ಲರ ನಂತರ ಬೀಸುವ ಕಲ್ಲಿನ ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದವಳು ನನ್ನ ಅವ್ವ. ಅಪ್ಪ ತೀರಿಕೊಂಡ ಮೇಲೆ ಅವಳಿಂದ ಕುಂಕುಮ ಕಸಿದರು, ಬಳೆ ಕಸಿದರು, ಜಗಲಿಯ ಕೋಣೆಯ ಹೊಸ್ತಿಲನ್ನೂ ಕಸಿದರು. ಬೀಸುವ ಕಲ್ಲನ್ನು ಮಾತ್ರ ಅವಳಿಗೇ ಬಿಟ್ಟರು. ಅವಳ ಕೈ ಹೂವಿಗೆ ತಾಗಿದರೆ ಮೈಲಿಗೆ. ಅದೇ ಕೈ ಬೀಸಿದ ಹಿಟ್ಟಿನಿಂದ ದೇವಿಯ ಎಡೆ ಸಿದ್ಧವಾಗುತ್ತಿತ್ತು. ಆಗ ಯಾರಿಗೂ ಮೈಲಿಗೆಯ ನೆನಪಾಗುತ್ತಿರಲಿಲ್ಲ.

ನನಗಿಂತ ಮೂರು ವರ್ಷಕ್ಕೆ ಹಿರಿಯಳಾದ ಶಾಂತಕ್ಕ ಆ ಹರಿದ ರೊಟ್ಟಿಗಳಿಂದಲೇ ನನಗೆ ಭಿನ್ನರಾಶಿ ಕಲಿಸಿದಳು. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಇತ್ತು. ಅಲ್ಲಿ ಲೆಕ್ಕದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಒಂದು ರೊಟ್ಟಿಯನ್ನು ಅರ್ಧ ಮಾಡುವಳು, ಅರ್ಧವನ್ನು ಐದು ಮಾಡಿ ಎರಡನ್ನು ನನ್ನತ್ತ ಸರಿಸುವಳು.

“ಪೂರಾ ರೊಟ್ಟಿಯೊಳಗ ನಿಂಗೆಷ್ಟು ಬಂತು ಹೇಳು, ನೀಲಾ.”

“ಐದರೊಳಗ ಒಂದು.”

“ಶಾಣ್ಯಾಕಿ ಅದಿ. ಈಗ ತಿನ್ನು. ತಪ್ಪು ಹೇಳಿದ್ರ ನಾನ ತಿಂತಿದ್ದೆ.”

ಇನ್ನು ಆ ತಟ್ಟೆಯ ಕಟ್ಟಳೆ. ಮನೆಯಲ್ಲಿ ದೊಡ್ಡ ಕೆಲಸವೊಂದು ಎದುರಾದಾಗ ದೇವಿಯ ಅಪ್ಪಣೆ ಕೇಳುವುದು ನಮ್ಮ ವಾಡಿಕೆ. ದೊಡ್ಡವ್ವ ಮೂರು ಬಿಳಿ, ಮೂರು ಕೆಂಪು ಕಣಗಿಲದ ಹೂಗಳನ್ನು ಒಂದೊಂದಾಗಿ ವೀಳ್ಯದೆಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು, ತಟ್ಟೆಯಲ್ಲಿಟ್ಟು ಕಲಸುವಳು. ಯಾರ ವಿಷಯ ಕೇಳಬೇಕಾಗಿತ್ತೋ ಅವರೇ ಕಣ್ಣು ಮುಚ್ಚಿ ಒಂದು ಪೊಟ್ಟಣ ಎತ್ತಬೇಕು. ಮನೆಯ ಯಜಮಾನರಾದ ದೊಡ್ಡಪ್ಪ ಅದನ್ನು ಬಿಚ್ಚುವರು. ಬಿಳಿಯೆಂದರೆ ಆಗಲಿ, ಕೆಂಪೆಂದರೆ ಬೇಡ. ಎತ್ತಿದ ಪೊಟ್ಟಣ ದೇವಿಗೆ ಸೇರಿದ್ದು, ಅದು ತಿರುಗಿ ತಟ್ಟೆಗೆ ಬರುವಂತಿಲ್ಲ. ಒಬ್ಬರಿಗೆ ಹೆಚ್ಚೆಂದರೆ ಮೂರು ಸಲ ಎತ್ತಲು ಅವಕಾಶ. ಇಲ್ಲಿಯವರೆಗೆ ಎಲ್ಲರಿಗೂ ಸಮ. ಇಲ್ಲಿಂದ ಮುಂದೆ ದಾರಿ ಎರಡಾಗುತ್ತಿತ್ತು. ಗಂಡುಮಗನಾದರೆ ಮೂರರಲ್ಲಿ ಒಂದು ಬಿಳಿ ಬಂದರೂ ಅಪ್ಪಣೆಯಾದಂತೆ. ಮೊದಲು ಬಂದ ಕೆಂಪಿಗೆ “ದೇವಿ ಸಬರು ಪರೀಕ್ಷೆ ಮಾಡ್ತಾಳ, ತಾಳ್ಕೊಳ್ರಿ” ಎಂಬ ಸಮಾಧಾನ. ಹೆಣ್ಣುಮಗಳು ಹೊಸ್ತಿಲು ದಾಟುವ ಮಾತಾದರೆ ಮೂರೂ ಬಿಳಿಯೇ ಬರಬೇಕು. ನಡುವೆ ಒಂದೇ ಒಂದು ಕೆಂಪು ಬಂದರೂ ಅಲ್ಲಿಗೆ ಮುಗಿಯಿತು. ದೊಡ್ಡಪ್ಪ ಇದಕ್ಕೆ ಕೊಡುತ್ತಿದ್ದ ವಿವರಣೆಯಲ್ಲಿ ಅಕ್ಕರೆಯೇ ಇತ್ತು, ಅದೇ ಇನ್ನೂ ಹೆಚ್ಚು ಚುಚ್ಚುತ್ತದೆ.

“ದೇವಿ ಮುಂದ ಗಂಡು ಹೆಣ್ಣು ಒಂದ. ಅದ ತಟ್ಟಿ, ಅದ ಹೂವು. ಆದ್ರ ಹೆಣ್ಣು ಹೊಸ್ತಿಲಾ ದಾಟೋದು ಸಣ್ಣ ಮಾತಲ್ಲ. ದೇವಿ ಮೂರು ಸಲ ಹೂಂ ಅನ್ಬೇಕು. ನಿಮ್ಮ ಕಾಳಜಿಗೇ ಮಾಡಿದ್ದು ಅದು.”

ದೊಡ್ಡಪ್ಪನ ಮಗ ಬಸಣ್ಣನನ್ನು ಮುಂದಿನ ಓದಿಗೆ ಬಳ್ಳಾರಿಗೆ ಕಳಿಸಬೇಕೇ ಎಂದು ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಎರಡು ಸಲ ಬೇಡವೆಂದ ದೇವಿ ಮೂರನೆಯ ಸಲ ಮನಸ್ಸು ಬದಲಿಸುವಳೇ ಎಂದು ಮನೆಯೆಲ್ಲ ತಟ್ಟೆಯ ಸುತ್ತ ನೆರೆಯಿತು. ಮೂರನೆಯದು ಬಿಳಿ. ದೇವಿಯ ಮಹಿಮೆಯನ್ನು ಕೊಂಡಾಡುತ್ತ ಹೋಳಿಗೆ ಮಾಡಿದರು. ಮರುವರ್ಷ ಶಾಂತಕ್ಕನ ಸರದಿ. ಬಳ್ಳಾರಿಯಲ್ಲಿ ಹೆಣ್ಣುಮಕ್ಕಳು ಉಳಿದು ಓದುವ ಶಾಲೆಯೊಂದಿತ್ತು. ಅವಳ ಉಪಾಧ್ಯಾಯಿನಿ ಸ್ವತಃ ಮನೆಗೆ ಬಂದು ಕೇಳಿಕೊಂಡಿದ್ದರು. ಶಾಂತಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಜಗಲಿಯ ಮುಂದೆ ಕುಳಿತಳು. ಮೊದಲನೆಯದು ಬಿಳಿ. ಎರಡನೆಯದೂ ಬಿಳಿ. “ದೇವಿ ಒಲದಾಳ, ಇನ್ನೊಂದು ಬಂದ ಬರ್ತೈತಿ” ಎಂದು ದೊಡ್ಡವ್ವನೂ ಹಿಗ್ಗಿದಳು. ಅಕ್ಕ ನನ್ನತ್ತ ತಿರುಗಿ ನಕ್ಕಳು. ಆ ನಗೆ ಇನ್ನೂ ಮುಖದ ಮೇಲಿರುವಾಗಲೇ ದೊಡ್ಡಪ್ಪ ಮೂರನೆಯ ಪೊಟ್ಟಣ ಬಿಚ್ಚಿದರು. ಕೆಂಪು.

“ಏನ್ ಮಾಡೋದವ್ವಾ, ಆಕಿಗೆ ಮನಸ್ಸಿಲ್ಲ,” ಎಂದರು ದೊಡ್ಡಪ್ಪ.

ಆ ವರ್ಷವೇ ಶಾಂತಕ್ಕನನ್ನು ಕಂಪ್ಲಿಗೆ ಕೊಟ್ಟರು. ಗಂಡನಿಗೆ ಎರಡನೆಯ ಸಂಬಂಧ. ಅವನ ಮೊದಲ ಹೆಂಡತಿಯ ಮಗ ಅಕ್ಕನಿಗಿಂತ ಒಂದೇ ಗೇಣು ಗಿಡ್ಡ. ಈ ಮದುವೆಗೆ ತಟ್ಟೆ ಇಡಲಿಲ್ಲ. ಹೆಣ್ಣಿನ ಮದುವೆಗೆ ಅಪ್ಪಣೆ ಕೇಳುವ ವಾಡಿಕೆಯೇ ನಮ್ಮಲ್ಲಿರಲಿಲ್ಲ. ಆಗಲೇಬೇಕಾದದ್ದನ್ನು ಕೇಳುವುದೇನು ಎಂಬುದು ಅವರ ತರ್ಕ. ಅವಳನ್ನು ಓದಿಸಲು ದೇವಿಯ ಮೂರು ಒಪ್ಪಿಗೆ ಬೇಕಿತ್ತು. ಮುದುಕನಾಗುತ್ತಿದ್ದವನಿಗೆ ಕಟ್ಟಲು ಒಂದು ಒಪ್ಪಿಗೆಯೂ ಬೇಕಾಗಲಿಲ್ಲ, ಅವಳದಂತೂ ಬೇಕಾಗಲೇ ಇಲ್ಲ.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಬಸಣ್ಣ ಕಾಲೇಜಿನ ರಜೆಗೆ ಬಂದಿದ್ದ. ಮಧ್ಯಾಹ್ನ ಪಡಸಾಲೆಯಲ್ಲಿ ಬೀಜಗಣಿತದ ಪುಸ್ತಕ ತೆರೆದು ಒರಗುವನು. ಬೀಸಣಿಕೆ ಬೀಸಲು ನಾನು. ಅವನು ಕೆಟ್ಟವನಲ್ಲ. ತನಗೆ ಬೀಸಲೆಂದೇ ಒಂದು ಹುಡುಗಿ ಹುಟ್ಟಿರುತ್ತಾಳೆಂಬುದರಲ್ಲಿ ಅವನಿಗೆ ಎಂದೂ ಅನುಮಾನ ಬಂದಿರಲಿಲ್ಲ, ಅಷ್ಟೆ. ಆ ದಿನ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಿದ್ದ: ಒಂದು ಚೀಲದಲ್ಲಿ ಕೆಲವು ಬಿಳಿ ಚೆಂಡು, ಕೆಲವು ಕರಿ ಚೆಂಡು, ಒಂದನ್ನು ತೆಗೆದು, ತಿರುಗಿ ಹಾಕದೆ, ಇನ್ನೊಂದನ್ನು ತೆಗೆದರೆ ಎರಡೂ ಬಿಳಿಯಾಗಿರುವ ಸಂಭವ ಎಷ್ಟು? ತಿರುಗಿ ಹಾಕದೆ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಬೀಸಣಿಕೆ ನಿಂತಿತು.

“ಬೀಸಲೇ, ನಿದ್ದಿ ಬಂತೇನು?”

“ಬಸಣ್ಣ, ತಿರುಗಿ ಹಾಕದಿದ್ರ ಲೆಕ್ಕ ಬದಲಾಗ್ತೈತೇನು?”

“ಆಗದ ಏನು? ಒಂದು ಬಿಳಿ ಹೋದ ಮ್ಯಾಲೆ ಚೀಲದಾಗ ಬಿಳಿ ಕಮ್ಮಿ ಉಳಿತಾವ. ಮೊದಲನೇದು ಏನು ಬಂತು ಅನ್ನೋದರ ಮ್ಯಾಲೆ ಎರಡನೇದು ನಿಂತಿರ್ತೈತಿ. ಎರಡೂ ಆಗ್ಬೇಕು ಅಂದ್ರ ಗುಣಿಸ್ಬೇಕು. ಇದು ಕಾಲೇಜಿಂದು, ನಿನ್ ತಲಿಗೆ ಹೋಗಂಗಿಲ್ಲ.”

“ನಾನೊಂದು ಹೇಳ್ತೀನಿ, ಮಾಡು ನೋಡೋಣ. ಮೂರು ಬಿಳಿ, ಮೂರು ಬಣ್ಣದ್ದು. ಮೂರು ಸಲ ತಗಿಯೋದು, ತಿರುಗಿ ಹಾಕಂಗಿಲ್ಲ. ಮೂರೂ ಬಿಳಿ ಬರಬೇಕು.”

ತನ್ನ ಜಾಣತನ ತೋರಿಸುವ ಉಮೇದಿನಲ್ಲಿ ಅವನು ಎದ್ದು ಕುಳಿತ. ಮೊದಲ ಸಲ ಆರರಲ್ಲಿ ಮೂರು ಬಿಳಿ, ಅಂದರೆ ಅರ್ಧ. ಅದು ಬಿಳಿಯಾಗಿದ್ದರೆ ಉಳಿದ ಐದರಲ್ಲಿ ಎರಡು. ಅದೂ ಬಿಳಿಯಾದರೆ ಉಳಿದ ನಾಲ್ಕರಲ್ಲಿ ಒಂದೇ ಒಂದು. ಮೂರನ್ನೂ ಗುಣಿಸಿದ.

“ಇಪ್ಪತ್ತರೊಳಗ ಒಂದು. ಭಾಳ ಸಣ್ಣದು.”

“ಮೂರರೊಳಗ ಒಂದು ಬಿಳಿ ಬಂದ್ರೂ ಸಾಕು ಅಂದ್ರ?”

“ಅದು ಇನ್ನೂ ಸಸಾರ. ಮೂರೂ ಬಣ್ಣದ್ದ ಬಂದ್ರ ಮಾತ್ರ ಸೋಲು. ಆ ಸೋಲು ಇಪ್ಪತ್ತರೊಳಗ ಒಂದು. ಉಳಿದ ಹತ್ತೊಂಬತ್ತೂ ಗೆಲುವು.”

“ಆ ಒಂದು ಶಾಂತಕ್ಕಂದು. ಆ ಹತ್ತೊಂಬತ್ತು ನಿಂದು,” ಎಂದೆ.

ಬಸಣ್ಣ ಜಗಲಿಯ ಕಡೆ ನೋಡಿದ, ಹಾಳೆಯ ಕಡೆ ನೋಡಿದ. ಮುಖ ಕೆಂಪೇರಿತು. ಆಮೇಲೆ ಪುಸ್ತಕ ಮುಚ್ಚಿದ.

“ದೇವರ ವಿಷಯ ಬ್ಯಾರೆ, ಇದು ಬ್ಯಾರೆ. ಅಪ್ಪನ ಮುಂದ ಬಾಯಿ ಬಿಟ್ಟೀ ಮತ್ತ.”

ಓದಿದವರ ಈ ಮೌನವನ್ನು ನಾನು ಮುಂದೆ ಬಹಳ ಕಡೆ ಕಂಡೆ. ಲೆಕ್ಕ ಅವರಿಗೆ ಬರುತ್ತದೆ. ಉತ್ತರ ಮನೆಯೊಳಕ್ಕೆ ಬಂದಾಗ ಪುಸ್ತಕ ಮುಚ್ಚುತ್ತಾರೆ. ಆ ಮಧ್ಯಾಹ್ನ ನಾನು ನೋಡಿದ್ದು ಇಪ್ಪತ್ತರಲ್ಲಿ ಒಂದನ್ನು ಮಾತ್ರವಲ್ಲ. ಬಸಣ್ಣನಿಗೆ ಎರಡು ಕೆಂಪು ಬಂದಾಗ ದೊಡ್ಡವ್ವ ಅತ್ತಳಲ್ಲ, ಆ ಹೊತ್ತಿಗೆ ತಟ್ಟೆಯಲ್ಲಿ ಉಳಿದಿದ್ದು ಮೂರು ಬಿಳಿ, ಒಂದು ಕೆಂಪು. ದೇವಿ ಬೇಡವೆಂದಷ್ಟೂ ಅವನ ದಾರಿ ಸಲೀಸಾಗಿತ್ತು. ಅಕ್ಕನಿಗೆ ಎರಡು ಬಿಳಿ ಬಂದು ಎಲ್ಲರೂ ಹಿಗ್ಗಿದಾಗ ಉಳಿದಿದ್ದು ಮೂರು ಕೆಂಪು, ಒಂದು ಬಿಳಿ. ಅವಳು ಗೆದ್ದಷ್ಟೂ ಅವಳ ದಾರಿ ಕಿರಿದಾಗಿತ್ತು. ಅವಳು ನನ್ನತ್ತ ತಿರುಗಿ ನಕ್ಕಿದ್ದು ಆ ಗಳಿಗೆಯಲ್ಲಿ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಬೀಸುತ್ತಿದ್ದಳು, ಎದುರಿನ ಗೂಟ ಹಿಡಿದು ನಾನೂ ತಿರುಗಿಸುತ್ತಿದ್ದೆ. ಸಿಟ್ಟಿನಲ್ಲಿ ನನ್ನ ಕೈ ಜೋರಾಗಿ ಹಿಟ್ಟು ಹೊರಕ್ಕೆ ಹಾರಿತು.

“ಹಿಟ್ಟು ಚೆಲ್ಲಬ್ಯಾಡ,” ಎಂದಳು ಅವ್ವ. ಅಷ್ಟೇ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ನನ್ನ ಸರದಿಗೆ ತಟ್ಟೆ ಇಡುವ ಶ್ರಮವನ್ನೂ ದೊಡ್ಡಪ್ಪ ತೆಗೆದುಕೊಳ್ಳಲಿಲ್ಲ. ಓದಿನ ಮಾತೆತ್ತುವ ಮೊದಲೇ ಸಂಡೂರು ಸಂಸ್ಥಾನದಿಂದ ಒಂದು ಸಂಬಂಧ ಕರೆಸಿದರು. ಹುಡುಗನ ತಂದೆಯೂ ಅವರ ಕಡೆಯ ಒಬ್ಬ ಹಿರಿಯರೂ ಪಡಸಾಲೆಯಲ್ಲಿ ಬಂದು ಕುಳಿತರು. ನನ್ನ ವಯಸ್ಸಿನ ಮಾತು ಬಂದಾಗ ಆ ತಂದೆ ನಗುತ್ತ, “ಲಗ್ನ ನಮ್ಮೂರಾಗ ಮಾಡಿದ್ರಾಯ್ತು ಬಿಡ್ರಿ, ಸಂಸ್ಥಾನದಾಗ ನಿಮ್ಮ ಬ್ರಿಟಿಷರ ಮದುವಿ ವಯಸ್ಸಿನ ಕಾಯ್ದೆ ತ್ರಾಸಿಲ್ಲ,” ಎಂದರು. ಆ ಮಾತು ನಿಜವಿತ್ತೋ ಸುಳ್ಳೋ ಗೊತ್ತಿಲ್ಲ. ಹನ್ನೆರಡರ ಹುಡುಗಿಯನ್ನು ಗಡಿ ದಾಟಿಸಿ ಮದುವೆ ಮಾಡುವ ಉಪಾಯ ನಗುವಿನ ಮಾತಾಗಿತ್ತೆಂಬುದು ನಿಜ. ನಾನು ನೀರಿನ ತಂಬಿಗೆ ಹಿಡಿದು ಬಂದು ನಮಸ್ಕಾರ ಮಾಡಿ ನಿಂತಿದ್ದೆ. ಜಗಲಿಯ ಕೋಣೆಯ ಆಚೆ, ಅಡುಗೆಮನೆಯ ಬಾಗಿಲಲ್ಲಿ, ಅವ್ವ ಗೋಡೆಗೆ ಮರೆಯಾಗಿ ನಿಂತಿದ್ದಳು. ದೊಡ್ಡಪ್ಪ ಬೀಗರ ಮುಂದೆ ಮನೆತನದ ಹೆಚ್ಚಳ ಹೇಳುತ್ತಿದ್ದರು.

“ನಮ್ಮ ಮನ್ಯಾಗ ದೇವಿ ಅಪ್ಪಣಿ ಇಲ್ದ ಒಂದು ಹುಲ್ಲುಕಡ್ಡಿ ಅಲ್ಲಾಡಂಗಿಲ್ಲ ನೋಡ್ರಿ.”

ನಾನು ತಂಬಿಗೆ ಕೆಳಗಿಟ್ಟೆ.

“ಹಂಗಾರ ನನ್ನ ಮದುವಿಗೂ ಕೇಳ್ರಿ, ದೊಡ್ಡಪ್ಪ.”

“ಮದುವಿಗೆ ಕೇಳೋ ಪದ್ಧತಿ ಇಲ್ಲ. ಒಳಗ ನಡಿ.”

“ಹೆಣ್ಣು ಹೊಸ್ತಿಲಾ ದಾಟೋದಕ್ಕ ಮೂರೂ ಬಿಳಿ ಬರಬೇಕು ಅಂತ ನೀವ ಹೇಳೀರಲ್ರಿ. ಮದುವಿ ಅಂದ್ರ ಹೊಸ್ತಿಲಾ ದಾಟೋದಲ್ಲೇನ್ರಿ?”

ದೊಡ್ಡಪ್ಪನ ಕಣ್ಣು ಕೆಂಪಾಯಿತು. ಆದರೆ ಸಂಡೂರಿನ ಹಿರಿಯರು ತೊಡೆ ತಟ್ಟಿ ನಕ್ಕರು.

“ಹುಡುಗಿಗೆ ದೈವಭಕ್ತಿ ಭಾಳ ಐತಲ್ರಿ! ಕೇಳ್ರಿ, ಕೇಳ್ರಿ. ದೇವಿ ಏನ್ ಬ್ಯಾಡ ಅಂತಾಳೇನು?”

ಬೀಗರ ಮುಂದೆ ತನ್ನ ಮಾತನ್ನೇ ನುಂಗುವುದು ದೊಡ್ಡಪ್ಪನಿಗೆ ಆಗಲಿಲ್ಲ. ದೊಡ್ಡವ್ವ ಹೂವು ಕಿತ್ತು ತಂದಳು, ಪೊಟ್ಟಣ ಕಟ್ಟಿದಳು, ಕಲಸಿದಳು. ನಾನು ಜಗಲಿಯ ಮುಂದೆ ಕುಳಿತೆ. ಮೂರೂ ಬಿಳಿ ಬರಗೊಡದೆ ಅಕ್ಕನನ್ನು ಸೋಲಿಸಿದ ಆ ಹತ್ತೊಂಬತ್ತು ಪಾಲು ಈ ಸಲ ನನ್ನ ಬೆನ್ನಿಗೆ ಇದೆಯೆಂದು ನನಗೆ ಗೊತ್ತಿತ್ತು. ಮೊದಲನೆಯದು ಬಿಳಿ. “ಶುಭ!” ಎಂದರು ಹಿರಿಯರು. ಎರಡನೆಯದೂ ಬಿಳಿ. ದೊಡ್ಡವ್ವ ಸಕ್ಕರೆ ತರಲು ಎದ್ದಳು. ನಾಲ್ಕು ಪೊಟ್ಟಣ ಉಳಿದಿವೆ, ಬಿಳಿ ಒಂದೇ, ಕೆಂಪು ಮೂರು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಂಡರೂ ಆ ಒಂದೇ ಬಿಳಿ ನನ್ನ ಬೆರಳಿಗೇ ಸಿಗಬಹುದಲ್ಲ. ಲೆಕ್ಕ ಧೈರ್ಯ ಕೊಡುತ್ತದೆ, ಭರವಸೆ ಕೊಡುವುದಿಲ್ಲ. ಹನ್ನೆರಡರ ಹುಡುಗಿಯ ಬಾಳು ಅಂಥ ಒಂದು ಪೊಟ್ಟಣಕ್ಕೆ ಜೋತುಬಿದ್ದಿದ್ದಕ್ಕೆ ನಾನು ಇಂದಿಗೂ ಯಾರನ್ನೂ ಕ್ಷಮಿಸಿಲ್ಲ. ಎತ್ತಿ ಕೊಟ್ಟೆ. ದೊಡ್ಡಪ್ಪ ನಾರು ಬಿಚ್ಚಿದರು. ಕೆಂಪು.

ಹುಡುಗನ ತಂದೆ ಹೆಗಲ ಮೇಲಿನ ತಮ್ಮ ವಲ್ಲಿ ಸರಿಮಾಡಿಕೊಂಡರು. ದೊಡ್ಡಪ್ಪ ಗಂಟಲು ಕೆರೆದುಕೊಂಡರು.

“ಎರಡು ಬಿಳಿ ಬಂದಾವಲ್ರಿ. ಎರಡು ಬಂದ್ರ ದೇವಿ ಒಪ್ಪಿದಂಗ ಲೆಕ್ಕ.”

“ಶಾಂತಕ್ಕಗೂ ಎರಡು ಬಂದಿದ್ದುವು,” ಎಂದೆ.

ದೊಡ್ಡಪ್ಪ ಉಳಿದ ಮೂರು ಪೊಟ್ಟಣಗಳತ್ತ ಕೈ ಚಾಚಿ, “ಇನ್ನೊಂದು ಸಲ ಕೇಳೋಣು,” ಎಂದರು. ಆ ಕೈ ತಟ್ಟೆಯನ್ನು ಮುಟ್ಟುವ ಮೊದಲು ಇನ್ನೊಂದು ಕೈ ಪೊಟ್ಟಣಗಳ ಮೇಲೆ ಬೆರಳೂರಿ ಅದನ್ನು ಎತ್ತಿಕೊಂಡಿತು. ಬಳೆಯಿಲ್ಲದ, ಹಿಟ್ಟು ಮೆತ್ತಿದ ಕೈ. ಅವ್ವ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಅಪ್ಪ ಸತ್ತ ಮೇಲೆ ಅವಳು ಆ ಕೋಣೆಯಲ್ಲಿ ಕಾಲಿಟ್ಟದ್ದನ್ನೂ, ಭಾವನ ಎದುರು ದನಿ ಎತ್ತಿದ್ದನ್ನೂ ನಾನು ಅದೇ ಮೊದಲು ಕಂಡೆ.

“ಕೇಳೋದು ಮುಗೀತ್ರಿ, ಭಾವ.”

“ಹೂವು ಮುಟ್ಟೀಯಲ್ಲ, ಮುಂಡೇ!” ಎಂದು ಚೀರಿದಳು ದೊಡ್ಡವ್ವ.

“ಮುಟ್ಟೀನಿ. ಇನ್ನ ಇವು ಕೇಳಾಕ ಬರಂಗಿಲ್ಲ. ಅದ ಬೇಕಿತ್ತು ನನಗ.”

ಅವರ ಮೈಲಿಗೆಯನ್ನೇ ಅವ್ವ ತನ್ನ ಆಯುಧ ಮಾಡಿಕೊಂಡಳು. ತಟ್ಟೆಯನ್ನು ಹಿತ್ತಲಿಗೆ ಒಯ್ದು ತಿಪ್ಪೆಗೆ ಸುರಿದಳು. ಸಂಡೂರಿನವರು ಸಕ್ಕರೆ ಬಾಯಿಗೆ ಹಾಕದೆ ಎದ್ದರು. ಆಮೇಲೆ ನಡೆದ ಬೈಗುಳ, ಅವ್ವನಿಗೆ ಉಣ್ಣಲು ಕೊಡದೆ ಕೂರಿಸಿದ್ದು, ದೊಡ್ಡಪ್ಪ ನಮ್ಮೊಡನೆ ಮಾತು ಬಿಟ್ಟಿದ್ದು, ಇವನ್ನೆಲ್ಲ ಬರೆಯಬಲ್ಲೆ. ಆದರೆ ಅವು ಎಲ್ಲ ಮನೆಗಳಲ್ಲೂ ಒಂದೇ ರೀತಿ ನಡೆಯುತ್ತವೆ. ಶಾಲೆ ಶುರುವಾಗುವ ಹೊತ್ತಿಗೆ ಅವ್ವ ತನ್ನ ತವರಿನವರನ್ನು ಕರೆಸಿ ನನ್ನನ್ನು ಬಳ್ಳಾರಿಯ ರೈಲು ಹತ್ತಿಸಿದಳು. “ದೇವಿ ನಿನ್ನ ಕಾಯ್ದಳು” ಎಂದು ಜನ ಈಗಲೂ ಹೇಳುತ್ತಾರೆ. ನನ್ನನ್ನು ಕಾಯ್ದದ್ದು ಕಟ್ಟಳೆಯ ಹತ್ತೊಂಬತ್ತು ಪಾಲು, ಮತ್ತು ಮೈಲಿಗೆಯ ಕೈ. ಇದನ್ನು ಗೆಲುವೆಂದೂ ನಾನು ಕರೆಯಲಾರೆ. ಓದುವುದು ನನ್ನ ಹಕ್ಕೆಂದು ಆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಒಂದು ಕೆಂಪು ಹೂವಿನ ದೆಸೆಯಿಂದ ತಪ್ಪಿಸಿಕೊಂಡೆ, ಅಷ್ಟೆ.

ಕೆಲವು ವರ್ಷಗಳ ಮೇಲೆ, ಕೆಲಸಕ್ಕೆ ಸೇರಿದ ನಂತರ, ಕಂಪ್ಲಿಗೆ ಹೋಗಿ ಶಾಂತಕ್ಕನಿಗೆ ಈ ಲೆಕ್ಕ ಹೇಳಿದೆ. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಪುಟ್ಟ ಮಗಳು. ಅಕ್ಕ ಕೇಳುತ್ತ ಕೇಳುತ್ತ ತಟ್ಟುವುದನ್ನು ನಿಲ್ಲಿಸಿದಳು.

“ಹಂಗಾದ್ರ ದೇವಿಗೆ ನನ್ನ ಮ್ಯಾಲೆ ಸಿಟ್ಟು ಇದ್ದಿದ್ದಿಲ್ಲೇನು, ನೀಲಾ? ಎರಡು ಕೊಟ್ಟು ಮೂರನೇದು ಕಸಗೊಂಡಳಲ್ಲ, ನನ್ನೊಳಗ ಏನೋ ಹೊಲಸು ಕಂಡಿರಬೇಕು ಅನಕೊಂಡಿದ್ನಿ. ಇಲ್ಲೀತನಕ.”

ಕೆಟ್ಟ ಮದುವೆಗಿಂತ, ಕಸಿದ ಓದಿಗಿಂತ ದೊಡ್ಡ ಅನ್ಯಾಯ ಇದಾಗಿತ್ತು. ಅವಳನ್ನು ಸೋಲಿಸಿದರು, ಸೋಲಿಗೆ ಕಾರಣ ಅವಳೇ ಎಂದು ನಂಬಿಸಿದರು. ಶಾಂತಕ್ಕ ಹಂಚಿನ ಮೇಲಿದ್ದ ಉಬ್ಬಿದ ರೊಟ್ಟಿ ತೆಗೆದಳು. ಅರ್ಧ ಮಾಡಿದಳು. ಒಂದೊಂದು ಅರ್ಧವನ್ನು ಐದು ಮಾಡಿದಳು, ಒಂದೊಂದು ತುಂಡನ್ನು ಮತ್ತೆ ಎರಡು. ಬೆರಳಿಗೆ ಬಿಸಿ ತಾಗುತ್ತಿದ್ದರೂ ನಿಲ್ಲಿಸಲಿಲ್ಲ. ಒಂದು ತುಂಡನ್ನು ಪಕ್ಕಕ್ಕೆ ಸರಿಸಿದಳು.

“ಇದು ನಂದು?”

“ಹೂಂ, ಅಕ್ಕ.”

“ಇವಿಷ್ಟೂ ಬಸಣ್ಣಂದು?”

“ಹೂಂ.”

ಅವಳು ಆಮೇಲೆ ಹತ್ತೊಂಬತ್ತು ತುಂಡುಗಳನ್ನೂ ಬಾಚಿ ಮಗಳ ತಟ್ಟೆಗೆ ಹಾಕಿದಳು. ತನ್ನದೆಂದು ಬದಿಗಿಟ್ಟಿದ್ದ ಒಂದನ್ನೂ ಅದರ ಮೇಲಿಟ್ಟು, ತುಂಬ ಬೆಣ್ಣೆ ಹಚ್ಚಿದಳು.

“ತಿನ್ನವ್ವಾ,” ಎಂದಳು. “ಯಾರ್ನೂ ಕೇಳಬ್ಯಾಡ. ತಿನ್ನು.”